ವಾಲಿ ಪಿಪ್‌ನ ತಲೆನೋವು ಮತ್ತು ಲೂ ಗೆರಿಗ್ ಬಗೆಗಿನ ಇನ್ನಷ್ಟು ಕಥೆಗಳು

ಒಂದು ದಿನ ರಜೆ ಹಾಕಿದರೂ ಕುರ್ಚಿ ಕೈತಪ್ಪಬಹುದು ಎಂದು ಹೆದರಿಸಬೇಕಾದಾಗ ಅಮೆರಿಕನ್ನರು ವಾಲಿ ಪಿಪ್ ಎಂಬ ಬೇಸ್‌ಬಾಲ್ ಆಟಗಾರನ ಹೆಸರು ತೆಗೆಯುತ್ತಾರೆ. ತಲೆನೋವೆಂದು ಒಂದು ದಿನ ಆಟ ಬಿಟ್ಟ. ಅವನ ಜಾಗಕ್ಕೆ ಬಂದ ಹುಡುಗ ಮುಂದಿನ ಹದಿನಾಲ್ಕು ವರ್ಷ ಆ ಜಾಗ ಬಿಡಲಿಲ್ಲ. ಹುಡುಗನ ಹೆಸರು ಲೂ ಗೆರಿಗ್.

ಬೇಸ್‌ಬಾಲ್ ನೋಡದವರಿಗೂ ಗೆರಿಗ್ ಹೆಸರು ಕಿವಿಗೆ ಬಿದ್ದಿರಬಹುದು, ಹೆಚ್ಚಾಗಿ ಒಂದು ಕಾಯಿಲೆಯ ಜೊತೆಗೆ. ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 1923ರಿಂದ 1939ರವರೆಗೆ ಆಡಿದ ಫಸ್ಟ್ ಬೇಸ್‌ಮನ್ ಈತ. ಜೀವಮಾನದ ಬ್ಯಾಟಿಂಗ್ ಸರಾಸರಿ .340. ಕ್ರಿಕೆಟ್ ಕಣ್ಣಿಗೆ ಈ ಅಂಕಿ ಏನೂ ಅನ್ನಿಸದು. ನೂರು ಪ್ರಯತ್ನಗಳಲ್ಲಿ ಮೂವತ್ತು ಸಲ ಚೆಂಡನ್ನು ಹೊಡೆದು ಬೇಸ್ ಮುಟ್ಟಿದವನನ್ನೇ ಆ ಆಟದಲ್ಲಿ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಈತ ಮೂವತ್ತನಾಲ್ಕು ಸಲ ಮುಟ್ಟಿದ. ಅದೂ ಹದಿನೇಳು ಋತುಗಳ ಲೆಕ್ಕದಲ್ಲಿ. ಚೆಂಡನ್ನು ಮೈದಾನದಾಚೆ ಅಟ್ಟುವ ಹೋಂ ರನ್ ಬೇರೆ 493.

ಇವನ ಬಗ್ಗೆ ಹಬ್ಬಿರುವ ಕಥೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅವುಗಳಲ್ಲಿ ಗೆರಿಗ್ ತಾನಾಗಿ ಏನನ್ನೂ ಮಾಡುವುದೇ ಇಲ್ಲ, ಎಲ್ಲವೂ ಅವನಿಗೆ ಆಗುತ್ತದೆ: ಅದೃಷ್ಟ ಒಲಿಯುತ್ತದೆ, ದೊಡ್ಡವರ ನೆರಳು ಬೀಳುತ್ತದೆ, ರೋಗ ಬರುತ್ತದೆ, ಸಂತನಂತೆ ಸಹಿಸುತ್ತಾನೆ. ದಾಖಲೆಗಳು ತೋರಿಸುವ ಮನುಷ್ಯ ಬೇರೆ.

ತಪ್ಪು ಕಲ್ಪನೆ: ಪಿಪ್‌ಗೆ ತಲೆನೋವು ಬಂದದ್ದರಿಂದ ಗೆರಿಗ್‌ಗೆ ಅವಕಾಶ ಸಿಕ್ಕಿತು

1925ರ ಬೇಸಿಗೆಯಲ್ಲಿ ಯಾಂಕೀಸ್ ಸ್ಥಿತಿ ಹದಗೆಟ್ಟಿತ್ತು. ತಂಡದ ಬೆನ್ನೆಲುಬಾಗಿದ್ದ ಬೇಬ್ ರೂತ್ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಏಪ್ರಿಲ್, ಮೇ ಎರಡೂ ತಿಂಗಳು ಹೊರಗಿದ್ದ. ಸೋಲಿನ ಮೇಲೆ ಸೋಲು. ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಜೂನ್ 2ರಂದು ಹಳಬರನ್ನು ಒಟ್ಟಿಗೇ ಬೆಂಚಿಗೆ ಕಳಿಸಿದ. ಫಸ್ಟ್ ಬೇಸ್‌ನ ಪಿಪ್ ಒಬ್ಬನೇ ಅಲ್ಲ, ಸೆಕೆಂಡ್ ಬೇಸ್‌ನ ಆರನ್ ವಾರ್ಡ್ ಹೋದ, ಕ್ಯಾಚರ್ ವಾಲಿ ಶಾಂಗ್ ಹೋದ. ಮೂವರಿಗೂ ಒಂದೇ ದಿನ ತಲೆನೋವು ಬಂದಿತ್ತೆಂದು ಯಾರೂ ಹೇಳುವುದಿಲ್ಲ. ಹಿಂದಿನ ವರ್ಷ ಚೆನ್ನಾಗಿ ಆಡಿದ್ದ ಪಿಪ್‌ನ ಬ್ಯಾಟ್ ಆ ವರ್ಷ ಮಂಕಾಗಿತ್ತು, ವಯಸ್ಸು ಮೂವತ್ತೆರಡು. ಇಪ್ಪತ್ತೊಂದರ ಗೆರಿಗ್ ಎರಡು ವರ್ಷದಿಂದ ಬಾಗಿಲಲ್ಲೇ ನಿಂತಿದ್ದ. ಪಿಪ್‌ನನ್ನು ಕೂರಿಸಲು ಇಷ್ಟು ಕಾರಣ ಸಾಕು.

ಹಾಗಾದರೆ ತಲೆಯ ವಿಷಯ ಎಲ್ಲಿಂದ ಬಂತು? ತಿಂಗಳ ನಂತರ, ಜುಲೈ 2ರಂದು, ಬ್ಯಾಟಿಂಗ್ ಅಭ್ಯಾಸದಲ್ಲಿ ಚಾರ್ಲಿ ಕಾಲ್ಡ್‌ವೆಲ್ ಎಂಬ ಎಳೆಯ ಪಿಚರ್ ಎಸೆದ ಚೆಂಡು ಪಿಪ್‌ನ ತಲೆಗೆ ಬಡಿಯಿತು. ಆಸ್ಪತ್ರೆ ಸೇರಿದ. ಅಷ್ಟರಲ್ಲಿ ಗೆರಿಗ್ ಜಾಗದಲ್ಲಿ ನಿಂತು ತಿಂಗಳಾಗಿತ್ತು. ಕಾಲ ಸರಿದಂತೆ ಎರಡು ಘಟನೆಗಳು ಒಂದಾದವು, ತಲೆಗೆ ಬಿದ್ದ ಪೆಟ್ಟು ತಲೆನೋವಾಯಿತು, ತಲೆನೋವಿಗೆ ಆಸ್ಪಿರಿನ್ ಮಾತ್ರೆ ಸೇರಿತು. ಪಿಪ್ ಕೂಡ ಮುಂದೆ ನೆನಪಿನ ಮಾತು ಆಡುವಾಗ ಈ ಕಥೆಯನ್ನು ಬಗೆಬಗೆಯಾಗಿ ಹೇಳಿದ. ಹೇಳಲಿ ಬಿಡಿ, ‘ಆಟ ಚೆನ್ನಾಗಿಲ್ಲವೆಂದು ಕೂರಿಸಿದರು’ ಎನ್ನುವುದಕ್ಕಿಂತ ‘ತಲೆನೋವು ಬಂದಿತ್ತು’ ಎನ್ನುವುದು ಯಾರಿಗಾದರೂ ಹಗುರ.

ಪಿಪ್ ಅಲ್ಲಿಗೇ ಮುಗಿದುಹೋದ ಎಂಬುದೂ ಸರಿಯಲ್ಲ. 1916 ಮತ್ತು 1917ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಂ ರನ್ ಹೊಡೆದವನು ಅವನೇ. ಯಾಂಕೀಸ್ ಬಿಟ್ಟ ಮೇಲೆ ಸಿನ್ಸಿನಾಟಿ ರೆಡ್ಸ್ ತಂಡದಲ್ಲಿ ಮೂರು ಋತು ಆಡಿದ.

ತಪ್ಪು ಕಲ್ಪನೆ: ಗೆರಿಗ್‌ನ ಸತತ ಆಟದ ಸರಣಿ ಪಿಪ್‌ನ ಜಾಗದಲ್ಲಿ ಶುರುವಾಯಿತು

ಒಂದು ದಿನದ ತಪ್ಪು. 2,130 ಪಂದ್ಯಗಳ ಸರಣಿಯ ಮೊದಲ ಪಂದ್ಯ ಜೂನ್ 1ರದ್ದು. ಅಂದು ಗೆರಿಗ್ ಮೈದಾನಕ್ಕಿಳಿದದ್ದು ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಪೀ ವೀ ವಾನಿಂಜರ್ ಬದಲಿಗೆ ಒಂದೇ ಒಂದು ಸಲ ಬ್ಯಾಟ್ ಬೀಸಲು. ಹಾಗೆ ಬರುವವನನ್ನು ಬೇಸ್‌ಬಾಲ್‌ನಲ್ಲಿ ಪಿಂಚ್ ಹಿಟರ್ ಎನ್ನುತ್ತಾರೆ.

ಈ ವಾನಿಂಜರ್ ಯಾರೆಂದು ತಿಳಿದರೆ ಪಿಪ್‌ನ ತಲೆನೋವನ್ನು ಮರೆಯಬಹುದು. ಗೆರಿಗ್‌ಗೂ ಮೊದಲು ಸತತ ಆಟದ ದಾಖಲೆ ಇದ್ದದ್ದು ಅದೇ ತಂಡದ ಶಾರ್ಟ್‌ಸ್ಟಾಪ್ ಎವರೆಟ್ ಸ್ಕಾಟ್ ಹೆಸರಲ್ಲಿ, 1,307 ಪಂದ್ಯ. 1925ರ ಮೇ ಆರಂಭದಲ್ಲಿ ಹಗಿನ್ಸ್ ಸ್ಕಾಟ್‌ನನ್ನು ಕೂರಿಸಿ ವಾನಿಂಜರ್‌ನನ್ನು ಆಡಿಸಿದಾಗ ಆ ಸರಣಿ ಮುಗಿಯಿತು. ತಿಂಗಳೊಳಗೆ ಅದೇ ವಾನಿಂಜರ್‌ನ ಬದಲಿಗೆ ಬಂದವನಿಂದ ಹೊಸ ಸರಣಿ ಶುರು. ಒಂದು ದಾಖಲೆಯ ಕೊನೆಗೂ ಇನ್ನೊಂದರ ಆರಂಭಕ್ಕೂ ನಿಮಿತ್ತವಾದ ಈ ಮನುಷ್ಯನ ಹೆಸರು ಯಾರ ಬಾಯಲ್ಲೂ ಇಲ್ಲ. 1933ರ ಆಗಸ್ಟ್ 17ರಂದು ಗೆರಿಗ್ ಸ್ಕಾಟ್‌ನ 1,307ನ್ನು ದಾಟಿದ.

ತಪ್ಪು ಕಲ್ಪನೆ: ಆ 2,130 ಪಂದ್ಯಗಳಲ್ಲೂ ಅವನು ಪೂರ್ತಿ ಆಡಿದ

ಇಲ್ಲ. ನಿಯಮದ ಪ್ರಕಾರ ಪಂದ್ಯದಲ್ಲಿ ಒಂದು ಸಲ ಬ್ಯಾಟ್ ಹಿಡಿದರೂ ಆಡಿದಂತೆಯೇ ಲೆಕ್ಕ. ಮೊದಲ ಬೇಸಿಗೆಯಲ್ಲಿ ಹಗಿನ್ಸ್ ಕೆಲವು ಸಲ ನಡುವೆಯೇ ಗೆರಿಗ್‌ನನ್ನು ಹೊರಕರೆದು ಬೇರೆಯವರ ಕೈಗೆ ಬ್ಯಾಟ್ ಕೊಟ್ಟದ್ದುಂಟು. ಎಲ್ಲಕ್ಕಿಂತ ಸ್ವಾರಸ್ಯದ ಪ್ರಸಂಗ 1934ರ ಜುಲೈನದು. 13ರಂದು ಡೆಟ್ರಾಯಿಟ್‌ನಲ್ಲಿ ಆಡುತ್ತಿದ್ದಾಗ ಸೊಂಟ ಹಿಡಿದುಕೊಂಡು, ನೆಟ್ಟಗೆ ನಿಲ್ಲಲಾಗದೆ ಹೊರನಡೆದ. ಮರುದಿನದ ಆಟಗಾರರ ಪಟ್ಟಿ ನೋಡಿದವರು ಕಣ್ಣುಜ್ಜಿಕೊಂಡಿರಬೇಕು. ಎಡಗೈ ಆಟಗಾರ ಗೆರಿಗ್ ಶಾರ್ಟ್‌ಸ್ಟಾಪ್, ಅದೂ ಮೊದಲ ಬ್ಯಾಟರ್! ಎಡಗೈಯವರು ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವುದೇ ಇಲ್ಲ. ಚೆಂಡು ಹಿಡಿದ ಮೇಲೆ ಫಸ್ಟ್ ಬೇಸ್‌ಗೆ ಎಸೆಯಲು ಮೈ ಪೂರ್ತಿ ತಿರುಗಿಸಬೇಕಾಗುತ್ತದೆ. ಆದರೆ ತಂಡ ಪರ ಊರಿನಲ್ಲಿದ್ದದ್ದರಿಂದ ಮೊದಲು ಬ್ಯಾಟ್ ಮಾಡುವುದು ಅವರೇ. ಗೆರಿಗ್ ಬಂದ, ಒಂದು ಸಿಂಗಲ್ ಹೊಡೆದು ಫಸ್ಟ್ ಬೇಸ್ ಮುಟ್ಟಿದ, ಬದಲಿ ಓಟಗಾರ ಬಂದ, ಗೆರಿಗ್ ವಿಶ್ರಾಂತಿಗೆ ಹೋದ. ಸರಣಿ ಉಳಿಯಿತು.

ಇದನ್ನು ಮೋಸ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೆಟ್ಟಗೆ ನಿಲ್ಲಲಾಗದವನು ಮರುದಿನ ಬಂದು ಸಿಂಗಲ್ ಹೊಡೆದಿದ್ದಾನೆ, ಅದು ಪುಕ್ಕಟೆ ಬರುವುದಿಲ್ಲ. ಆದರೆ ಇದರಿಂದ ಒಂದು ಸಂಗತಿ ಖಚಿತ: ಈ ಸರಣಿ ಕಬ್ಬಿಣದ ಮೈಗೆ ತಾನಾಗಿ ದಕ್ಕಿದ್ದಲ್ಲ. ಅದರ ಮೇಲೆ ಕಣ್ಣಿಟ್ಟು, ಲೆಕ್ಕ ಹಾಕಿ, ಹಟದಿಂದ ಕಾಪಾಡಿಕೊಂಡದ್ದು. ಮುಂದೆ ಕೈಗಳ ಎಕ್ಸ್-ರೇ ತೆಗೆದಾಗ ಹಲವು ಮೂಳೆಗಳು ಮುರಿದು ತಾವಾಗಿಯೇ ಕೂಡಿಕೊಂಡ ಗುರುತುಗಳಿದ್ದವು. ಆ ಬೆರಳುಗಳಲ್ಲೇ ಬ್ಯಾಟ್ ಹಿಡಿದು ಆಡಿದ್ದ.

ತಪ್ಪು ಕಲ್ಪನೆ: ಬೇಬ್ ರೂತ್‌ನ ನೆರಳಲ್ಲಿದ್ದ ಎರಡನೇ ದರ್ಜೆಯ ಆಟಗಾರ

ನೆರಳು ನಿಜ. ಎರಡನೇ ದರ್ಜೆ ಸುಳ್ಳು.

1927ರಲ್ಲಿ ರೂತ್ 60 ಹೋಂ ರನ್ ಹೊಡೆದದ್ದನ್ನು ಜಗತ್ತು ನೆನಪಿಟ್ಟಿದೆ. ಆಗಸ್ಟ್‌ನಲ್ಲಿ ಗೆರಿಗ್ ಅವನಿಗಿಂತ ಮುಂದಿದ್ದ, ಸೆಪ್ಟೆಂಬರ್ ಆರಂಭದವರೆಗೂ ಇಬ್ಬರದೂ ಸಮಸಮ ಎಂಬುದನ್ನು ಮರೆತಿದೆ. ಗೆರಿಗ್ 47ಕ್ಕೆ ನಿಂತ. ಆ ವರ್ಷ ಅವನ ಸರಾಸರಿ .373. ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಯೂ ಅವನಿಗೇ. ಇಲ್ಲಿ ಎದುರು ದಿಕ್ಕಿನ ತಪ್ಪು ಕಲ್ಪನೆಯೂ ಇದೆ; 60 ಹೊಡೆದವನನ್ನು ಸೋಲಿಸಿ ಗೆರಿಗ್ ಪ್ರಶಸ್ತಿ ಗೆದ್ದ ಎನ್ನುತ್ತಾರೆ. ಅಂದಿನ ನಿಯಮದಂತೆ ಒಮ್ಮೆ ಪ್ರಶಸ್ತಿ ಪಡೆದವನು ಮತ್ತೆ ಪಡೆಯುವಂತಿರಲಿಲ್ಲ. ರೂತ್ 1923ರಲ್ಲೇ ಪಡೆದಿದ್ದ. ಕಣದಲ್ಲೇ ಇರಲಿಲ್ಲ.

ನೆರಳಿನ ಮಾತಿಗೆ ಬಂದರೆ, ಗೆರಿಗ್‌ನ ದೊಡ್ಡ ದಿನಗಳಿಗೂ ಪತ್ರಿಕೆಗಳ ಮುಖ್ಯ ಶೀರ್ಷಿಕೆಗಳಿಗೂ ಹುಟ್ಟಾ ವೈರ. 1932ರ ಜೂನ್ 3ರಂದು ಫಿಲಡೆಲ್ಫಿಯಾದಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಂ ರನ್ ಹೊಡೆದ. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿಯವರೆಗೆ ಯಾರೂ ಮಾಡದ ಸಾಧನೆ. ಅದೇ ದಿನ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಮೂವತ್ತು ವರ್ಷ ನಡೆಸಿದ ಜಾನ್ ಮೆಗ್ರಾ ನಿವೃತ್ತಿ ಹೇಳಿದ. ಮರುದಿನದ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಈ ಮೆಗ್ರಾ ಗೆರಿಗ್‌ಗೆ ಹಳಬನೇ. 1921ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಲಿದ್ದ ಹುಡುಗನಿಗೆ ಬೇರೆ ಹೆಸರಲ್ಲಿ ಹಾರ್ಟ್‌ಫರ್ಡ್ ತಂಡಕ್ಕೆ ಹಣ ಪಡೆದು ಆಡುವಂತೆ ಸಲಹೆ ಕೊಟ್ಟವನು. ಗುಟ್ಟು ಬಯಲಾಗಿ ಗೆರಿಗ್‌ನ ಕಾಲೇಜು ಆಟದ ಒಂದು ವರ್ಷ ಕೈತಪ್ಪಿತ್ತು. ಮತ್ತೆ ಅದೇ 1932ರ ವರ್ಲ್ಡ್ ಸೀರೀಸ್ ಎಂಬ ಋತುವಿನ ಅಂತಿಮ ಸರಣಿಯಲ್ಲಿ, ರೂತ್ ಬೆರಳು ತೋರಿಸಿ ಹೊಡೆದನೆಂದು ಇಂದಿಗೂ ವಾದ ನಡೆಯುವ ಆ ಹೋಂ ರನ್‌ನ ಬೆನ್ನಿಗೇ ಬ್ಯಾಟ್ ಹಿಡಿದು ಬಂದ ಗೆರಿಗ್ ಕೂಡ ಹೋಂ ರನ್ ಹೊಡೆದ. ಆ ಅಂತಿಮ ಸರಣಿಯಲ್ಲಿ ಗೆರಿಗ್‌ನ ಸರಾಸರಿ .529. ಯಾರೂ ಅದರ ಬಗ್ಗೆ ವಾದ ಮಾಡುವುದಿಲ್ಲ. ಸೊಂಟ ಹಿಡಿದ ಆ 1934ರ ಜುಲೈ 13 ಕೂಡ ಬೇಸ್‌ಬಾಲ್ ಚರಿತ್ರೆಯಲ್ಲಿರುವುದು ರೂತ್‌ನ 700ನೇ ಹೋಂ ರನ್‌ನ ದಿನವೆಂದು.

1931ರದ್ದು ಇನ್ನೂ ನಗು ಬರಿಸುವ ನಷ್ಟ. ವಾಷಿಂಗ್ಟನ್‌ನಲ್ಲಿ ಗೆರಿಗ್ ಹೊಡೆದ ಚೆಂಡು ಮೈದಾನದಾಚೆ ಬಿದ್ದು ಪುಟಿದು ಒಳಬಂತು. ಮುಂದೆ ಓಡುತ್ತಿದ್ದ ಲಿನ್ ಲೇರಿ ಅದು ಕ್ಯಾಚ್ ಆಯಿತೆಂದು ತಿಳಿದು ಓಟ ಬಿಟ್ಟು ನೇರ ತಂಡ ಕೂರುವ ಡಗ್‌ಔಟ್‌ಗೆ ನಡೆದುಬಿಟ್ಟ. ತಲೆ ತಗ್ಗಿಸಿ ಓಡುತ್ತಿದ್ದ ಗೆರಿಗ್ ಅವನನ್ನು ದಾಟಿ ಔಟಾದ. ಹೋಂ ರನ್ ಲೆಕ್ಕಕ್ಕೆ ಬರಲಿಲ್ಲ. ಋತು ಮುಗಿದಾಗ ರೂತ್ 46, ಗೆರಿಗ್ 46.

1934ರಲ್ಲಿ ಗೆರಿಗ್ ಸರಾಸರಿ, ಹೋಂ ರನ್, ಗಳಿಸಿಕೊಟ್ಟ ರನ್ ಮೂರರಲ್ಲೂ ಲೀಗ್‌ಗೇ ಮೊದಲಿಗನಾದ. ತ್ರಿವಳಿ ಕಿರೀಟ ಎನ್ನುವುದು ಇದನ್ನೇ. ಆ ವರ್ಷದ ಮೌಲ್ಯಯುತ ಆಟಗಾರ ಆಯ್ಕೆಯಲ್ಲಿ ಅವನಿಗೆ ಸಿಕ್ಕಿದ್ದು ಐದನೇ ಸ್ಥಾನ! ಇದನ್ನು ರೂತ್‌ನ ತಲೆಗೆ ಕಟ್ಟಲಾಗದು. ಮತ ಹಾಕಿದ ಪತ್ರಕರ್ತರನ್ನೇ ಕೇಳಬೇಕಿತ್ತು.

ತಪ್ಪು ಕಲ್ಪನೆ: ಕೊಟ್ಟಷ್ಟು ತೆಗೆದುಕೊಂಡ ಸಾಧು ಮನುಷ್ಯ

ಮಿತಭಾಷಿ, ಅಮ್ಮನ ಮಗ, ಕುಡಿತ ಕುಣಿತಗಳಿಂದ ದೂರ, ಇದೆಲ್ಲ ನಿಜ. ಜರ್ಮನಿಯಿಂದ ಬಂದ ಬಡ ದಂಪತಿಯ ನಾಲ್ಕು ಮಕ್ಕಳಲ್ಲಿ ಉಳಿದ ಒಬ್ಬನೇ ಮಗ. ತಂದೆ ತಗಡಿನ ಕೆಲಸದವನು, ಆಗಾಗ ಕಾಯಿಲೆ. ತಾಯಿ ಅವರಿವರ ಮನೆಗಳಲ್ಲಿ ದುಡಿದು, ಕೊಲಂಬಿಯಾದ ವಿದ್ಯಾರ್ಥಿಗಳಿಗೆ ಅಡುಗೆ ಮಾಡಿ ಮಗನನ್ನು ಬೆಳೆಸಿದಳು. ಎರಡು ವರ್ಷಕ್ಕೇ ಕಾಲೇಜು ಬಿಟ್ಟು 1,500 ಡಾಲರ್ ಮುಂಗಡ ಪಡೆದು ಯಾಂಕೀಸ್ ಸೇರಿದ್ದಕ್ಕೆ ಮನೆಯ ಈ ಸ್ಥಿತಿಯೇ ಕಾರಣ. ಹಾಗೆ ಬಂದವನಿಗೆ ದುಡ್ಡಿನ ಬೆಲೆ ತಿಳಿಯದೆ ಇದ್ದೀತೆ? 1930ರ ದಶಕದ ಕೊನೆಯಲ್ಲಿ ಸಂಬಳಕ್ಕಾಗಿ ಪಟ್ಟು ಹಿಡಿದ. 1938ರಲ್ಲಿ 39,000 ಡಾಲರ್ ಪಡೆದ. ಅದೇ ವರ್ಷ ‘ರಾಹೈಡ್’ ಎಂಬ ಕೌಬಾಯ್ ಸಿನಿಮಾದಲ್ಲಿ ನಟಿಸಿದ. ಅದಕ್ಕೂ ಮೊದಲು ಟಾರ್ಜಾನ್ ಪಾತ್ರಕ್ಕೆಂದು ಚಿರತೆ ಚರ್ಮದ ಉಡುಪು ತೊಟ್ಟು ಫೋಟೊ ತೆಗೆಸಿಕೊಂಡದ್ದೂ ಉಂಟು. ಆ ಪಾತ್ರ ಸಿಗಲಿಲ್ಲ, ಪುಣ್ಯ.

ರೂತ್ ಜೊತೆಗೂ ಅವನು ಸದಾ ತಲೆಬಾಗಿ ಇರಲಿಲ್ಲ. ಗೆರಿಗ್‌ನ ತಾಯಿ ರೂತ್ ಮಗಳ ಉಡುಪಿನ ಬಗ್ಗೆ ಆಡಿದ ಒಂದು ಮಾತಿಗೆ ಮನಸ್ತಾಪ ಹುಟ್ಟಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಒಂದೇ ತಂಡ, ಬ್ಯಾಟಿಂಗ್ ಕ್ರಮದಲ್ಲಿ ಒಬ್ಬರ ಹಿಂದೆ ಒಬ್ಬರು.

ತಪ್ಪು ಕಲ್ಪನೆ: ರೋಗ ಪತ್ತೆಯಾದದ್ದರಿಂದ ಅವನನ್ನು ತಂಡದಿಂದ ಕೈಬಿಟ್ಟರು

ಕ್ರಮ ತಲೆಕೆಳಗಾಗಿದೆ. 1938ರಲ್ಲೇ ಅವನ ಸರಾಸರಿ .295ಕ್ಕೆ ಇಳಿದಿತ್ತು, ಬೇರೆಯವರಿಗೆ ಅದು ಹಬ್ಬ, ಗೆರಿಗ್‌ಗೆ 1925ರ ನಂತರ ಮೊದಲ ಸಲ .300ರ ಕೆಳಗೆ. 1939ರ ಮೊದಲ ಎಂಟು ಪಂದ್ಯಗಳಲ್ಲಿ 28 ಪ್ರಯತ್ನಕ್ಕೆ ನಾಲ್ಕೇ ಹಿಟ್. ಕೊನೆಯ ಪಂದ್ಯದಲ್ಲಿ ಯಾರು ಬೇಕಾದರೂ ಮಾಡಬಹುದಾದ ಸಾಧಾರಣ ಫೀಲ್ಡಿಂಗ್ ಒಂದಕ್ಕೆ ಜೊತೆಗಾರರು ಶಹಬ್ಬಾಸ್ ಹೇಳಿದರಂತೆ. ಆ ಶಹಬ್ಬಾಸ್‌ಗಿರಿಯೇ ಅವನನ್ನು ಚುಚ್ಚಿತು. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಜೋ ಮೆಕಾರ್ಥಿ ಬಳಿ ತಾನೇ ಹೋಗಿ, ತಂಡದ ಹಿತಕ್ಕಾಗಿ ತನ್ನನ್ನು ಕೂರಿಸಿ ಎಂದ. ನಾಯಕನಾಗಿ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಟ್ಟು ಬಂದವನೂ ಅವನೇ. ಅವನ ಜಾಗದಲ್ಲಿ ಆಡಿದ ಬೇಬ್ ಡಾಲ್‌ಗ್ರೆನ್ ಹೋಂ ರನ್ ಹೊಡೆದ, ಯಾಂಕೀಸ್ 22–2ರಿಂದ ಗೆದ್ದಿತು. ಆಗ ಯಾರಿಗೂ ರೋಗದ ಹೆಸರು ಗೊತ್ತಿರಲಿಲ್ಲ. ಮಿನೆಸೋಟದ ಮೇಯೊ ಕ್ಲಿನಿಕ್ ಅದನ್ನು ಗುರುತಿಸಿದ್ದು ಜೂನ್ 19ರಂದು, ಅವನ ಮೂವತ್ತಾರನೇ ಹುಟ್ಟುಹಬ್ಬದ ದಿನ.

ತಪ್ಪು ಕಲ್ಪನೆ: ಆ ಪ್ರಸಿದ್ಧ ಭಾಷಣ ಸಿನಿಮಾದಲ್ಲಿ ಇರುವಂತೆಯೇ ಇತ್ತು

1939ರ ಜುಲೈ 4, ಯಾಂಕೀ ಸ್ಟೇಡಿಯಂ. ಒಂದೇ ದಿನದ ಎರಡು ಪಂದ್ಯಗಳ ನಡುವೆ ಗೆರಿಗ್ ಸನ್ಮಾನ, ಸೇರಿದ್ದವರು 61,808 ಮಂದಿ. ಮಾತಾಡಲಾರನೆಂದು ನಿರೂಪಕರೇ ಹೇಳಿಬಿಟ್ಟಿದ್ದರು. ಜನ ಕೂಗಿದ ಮೇಲೆ ಮೈಕಿನ ಮುಂದೆ ಬಂದ. ಈ ಭೂಮಿಯ ಮೇಲೆ ತಾನೇ ಅತ್ಯಂತ ಅದೃಷ್ಟವಂತ ಎಂಬ ಮಾತು 1942ರ ‘ದಿ ಪ್ರೈಡ್ ಆಫ್ ದಿ ಯಾಂಕೀಸ್’ ಚಿತ್ರದಲ್ಲಿ ಕೊನೆಯ ಸಾಲು. ಗ್ಯಾರಿ ಕೂಪರ್ ಅದನ್ನು ಹೇಳಿ ತಿರುಗಿ ನಡೆಯುತ್ತಾನೆ. ನಿಜವಾದ ಗೆರಿಗ್ ಅದನ್ನು ಶುರುವಿನಲ್ಲೇ ಹೇಳಿದ. ಆಮೇಲೆ ಮಾಲೀಕರು, ಮ್ಯಾನೇಜರುಗಳು, ತಾಯಿ ತಂದೆ, ಹೆಂಡತಿ, ಅತ್ತೆಯನ್ನೂ ನೆನೆದ. ಭಾಷಣದ ಪೂರ್ತಿ ಧ್ವನಿಮುದ್ರಣ ಎಲ್ಲೂ ಇಲ್ಲ, ಸುದ್ದಿಚಿತ್ರಗಳಲ್ಲಿ ಕೆಲವೇ ವಾಕ್ಯಗಳು ಉಳಿದಿವೆ.

ಅದೇ ಚಿತ್ರದ ಬಗ್ಗೆ ಇನ್ನೊಂದು ಜನಪ್ರಿಯ ಕಥೆ: ಕೂಪರ್ ಬಲಗೈಯವನು, ಆದ್ದರಿಂದ ಅಂಗಿಯ ಅಕ್ಷರಗಳನ್ನು ಹಿಂದುಮುಂದಾಗಿ ಹೊಲಿಸಿ, ಫಸ್ಟ್ ಬೇಸ್ ಬದಲು ಥರ್ಡ್ ಬೇಸ್ ಕಡೆ ಓಡಿಸಿ, ಫಿಲಂ ತಿರುವಿಹಾಕಿದರು. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಕ್ಯುರೇಟರ್ ಟಾಮ್ ಶೀಬರ್ ದೃಶ್ಯ ದೃಶ್ಯವನ್ನೂ ಪರಿಶೀಲಿಸಿ, ಬ್ಯಾಟಿಂಗ್ ದೃಶ್ಯಗಳಲ್ಲಿ ಹಾಗೇನೂ ಮಾಡಿಲ್ಲವೆಂದು ತೋರಿಸಿದ್ದಾರೆ. ಲೆಫ್ಟಿ ಓ’ಡೂಲ್ ಎಂಬ ಹಳೆಯ ಆಟಗಾರನಿಂದ ಕೂಪರ್ ಎಡಗೈ ಆಟ ಕಲಿತಿದ್ದ. ಪಾಪ, ಅಷ್ಟು ಕಷ್ಟಪಟ್ಟು ಕಲಿತದ್ದರ ಶ್ರೇಯಸ್ಸು ಎಡಿಟಿಂಗ್ ಮೇಜಿಗೆ ಹೋಯಿತು.

ತಪ್ಪು ಕಲ್ಪನೆ: ಗೆರಿಗ್‌ನಲ್ಲೇ ಮೊದಲು ಕಂಡ ರೋಗ

ಗೆರಿಗ್ ಹೆಸರಿನಿಂದಲೇ ಕರೆಯಲಾಗುವ ಎಎಲ್‌ಎಸ್ ಎಂಬ ಈ ನರರೋಗವನ್ನು ಫ್ರಾನ್ಸ್‌ನ ವೈದ್ಯ ಝಾಂ ಮಾರ್ತಾಂ ಶಾರ್ಕೊ 1869ರಲ್ಲೇ ವಿವರಿಸಿದ್ದ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ; ಕೈಕಾಲು, ನುಂಗುವುದು, ಉಸಿರಾಟ ಸೋಲುತ್ತವೆ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಮೋಟಾರ್ ನ್ಯೂರಾನ್ ಕಾಯಿಲೆ, ಎಂಎನ್‌ಡಿ ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಚೀಟಿಯಲ್ಲೂ ಈ ಮೂರಕ್ಷರ ಕಾಣಬಹುದು. ಹೆಚ್ಚಿನವರಲ್ಲಿ ಇದು ವಂಶದಿಂದ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲವೇ ಇಲ್ಲ.

ಅಂಟುತ್ತದೆಂಬ ಭಯ ಹುಟ್ಟಲು ಮೇಯೊ ಕ್ಲಿನಿಕ್‌ನ ಪ್ರಕಟಣೆಯೇ ಜಾಗ ಮಾಡಿಕೊಟ್ಟಿತು. ಜನರಿಗೆ ಅರ್ಥವಾಗಲೆಂದು ಅದರಲ್ಲಿ ಇದನ್ನು ಒಂದು ಬಗೆಯ ದೀರ್ಘಕಾಲದ ಪೋಲಿಯೊ ಎಂದು ಬರೆದಿದ್ದರು. 1940ರಲ್ಲಿ ಯಾಂಕೀಸ್ ಎಡವಿದಾಗ, ಗೆರಿಗ್‌ನಿಂದ ರೋಗಾಣು ತಂಡಕ್ಕೆಲ್ಲ ಹರಡಿರಬಹುದೆಂದು ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಜಿಮ್ಮಿ ಪವರ್ಸ್ ಬರೆದ. ಸಹಿಸಿಕೊಂಡು ಸುಮ್ಮನಿರಬೇಕಿದ್ದ ಕಥೆಯ ಸಂತ ಏನು ಮಾಡಿದ? ಹತ್ತು ಲಕ್ಷ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದ. ಪತ್ರಿಕೆ ಕ್ಷಮೆ ಕೇಳಿ, ಹಣ ಕೊಟ್ಟು ಮುಗಿಸಿಕೊಂಡಿತು.

ಹಾಸಿಗೆ ಹಿಡಿದು ಕಾಲ ಕಳೆದನೆಂಬುದೂ ಹಾಗೆಯೇ. 1940ರ ಜನವರಿಯಿಂದ ನ್ಯೂಯಾರ್ಕ್ ನಗರದ ಪೆರೋಲ್ ಆಯೋಗದ ಸದಸ್ಯನಾಗಿ, ಮೇಯರ್ ಲಾ ಗಾರ್ಡಿಯಾ ಕೊಟ್ಟ ಕೆಲಸವನ್ನು ಕಚೇರಿಗೆ ಹೋಗಿ ಮಾಡಿದ. ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ವಿಚಾರಿಸಿದ. ಸಹಿ ಹಾಕಲು ಕೈ ಬಾರದಾದಾಗ ಹೆಂಡತಿ ಎಲಿನಾರ್ ನೆರವಾಗುತ್ತಿದ್ದಳು. 1941ರ ಜೂನ್ 2ರಂದು ತೀರಿಕೊಂಡ.

ಅವನಿಗಿದ್ದದ್ದು ಎಎಲ್‌ಎಸ್ ಅಲ್ಲವೇ ಅಲ್ಲ ಎಂಬ ಹೊಸ ಮಾತು 2010ರ ನಂತರ ಓಡಾಡುತ್ತಿದೆ. ತಲೆಗೆ ಪದೇ ಪದೇ ಪೆಟ್ಟು ಬಿದ್ದ ಕ್ರೀಡಾಪಟುಗಳಲ್ಲಿ ಇದನ್ನು ಹೋಲುವ ನರಹಾನಿ ಕಂಡ ಬಾಸ್ಟನ್ ಸಂಶೋಧಕರ ವರದಿ ಇದಕ್ಕೆ ಮೂಲ. ಗೆರಿಗ್ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ್ದ, 1934ರಲ್ಲಿ ಚೆಂಡು ತಲೆಗೆ ಬಡಿದು ಪ್ರಜ್ಞೆ ತಪ್ಪಿದ್ದ. ಅನುಮಾನಕ್ಕೆ ಇಷ್ಟು ಸಾಕಾಯಿತು. ಆದರೆ ಸಂಶೋಧಕರು ಗೆರಿಗ್‌ನ ಮೆದುಳನ್ನು ಪರೀಕ್ಷಿಸಿಲ್ಲ, ದೇಹವನ್ನು ಆಗಲೇ ದಹಿಸಲಾಗಿತ್ತು. ಅನುಮಾನವನ್ನು ತೀರ್ಪೆಂದು ಸಾರಿದ್ದು ಸುದ್ದಿ ಶೀರ್ಷಿಕೆಗಳು.

ತಪ್ಪು ಕಲ್ಪನೆ: ಸರಣಿಯ ದಾಖಲೆ ಮುರಿದ ಮೇಲೆ ಉಳಿದದ್ದು ರೋಗದ ಹೆಸರು ಮಾತ್ರ

1995ರ ಸೆಪ್ಟೆಂಬರ್ 6ರಂದು ಬಾಲ್ಟಿಮೋರ್‌ನ ಕ್ಯಾಲ್ ರಿಪ್ಕನ್ 2,131ನೇ ಪಂದ್ಯ ಆಡಿದ, ಮುಂದೆ 2,632ರವರೆಗೆ ಹೋದ. ಸರಿ. ಆದರೆ ಸರಣಿ ಗೆರಿಗ್‌ನ ಆಟದ ಅತಿ ಸಣ್ಣ ಭಾಗವೆಂದೇ ನನ್ನ ಎಣಿಕೆ. ದಿನಾ ಹಾಜರಾಗುವುದು ಬೇರೆ, ಬಂದು ಮಾಡುವ ಕೆಲಸ ಬೇರೆ. ಮೂರು ಬೇಸ್‌ಗಳೂ ತುಂಬಿರುವಾಗ ಹೊಡೆಯುವ ಹೋಂ ರನ್‌ಗೆ ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ. ಗೆರಿಗ್ ಹೊಡೆದದ್ದು 23. ಅದನ್ನು ದಾಟಲು 2013ರಲ್ಲಿ ಅಲೆಕ್ಸ್ ರೋಡ್ರಿಗಸ್ ಬರಬೇಕಾಯಿತು. ಲಿನ್ ಲೇರಿ ಓಟ ಮರೆತ ಆ 1931ರಲ್ಲೇ ಗೆರಿಗ್ ತಂಡಕ್ಕೆ ಗಳಿಸಿಕೊಟ್ಟ ರನ್ 184. ಹಳೆಯ ಸ್ಕೋರ್ ಹಾಳೆಗಳನ್ನು ಮತ್ತೆ ಲೆಕ್ಕ ಹಾಕಿದವರು ಈಗ 185 ಎನ್ನುತ್ತಾರೆ. ರೂತ್‌ನ ಹಿಂದೆ ಬ್ಯಾಟ್ ಮಾಡುವವನಿಗೆ, ರೂತ್‌ನ ಹೋಂ ರನ್‌ಗಳಿಂದಾಗಿ, ಎಷ್ಟೋ ಸಲ ಬೇಸ್‌ಗಳು ಖಾಲಿಯಾಗಿಯೇ ಸಿಗುತ್ತಿದ್ದವು ಎಂಬುದನ್ನೂ ಸೇರಿಸಿ ನೋಡಬೇಕು. ಅಮೆರಿಕನ್ ಲೀಗ್‌ನಲ್ಲಿ ಒಂದೇ ಋತುವಿನಲ್ಲಿ ಗಳಿಸಿಕೊಟ್ಟ ರನ್‌ಗಳ ಆ ದಾಖಲೆಯನ್ನು ಇಂದಿನವರೆಗೆ ಯಾರೂ ಮುರಿದಿಲ್ಲ.